ಕಬಡ್ಡಿ ಶೀಟಿನಲ್ಲಿ ಏರಿಳಿದ ಅಂಕಗಳು

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದೆ. ಮಕ್ಕಳ ಬಾಯಲ್ಲಿ ಡ್ರಿಲ್ ಮಿಸ್, ಊರವರ ಬಾಯಲ್ಲಿ ಶಾಂತಾ ಟೀಚರ್. ಮೊದಲೆರಡು ವರ್ಷ ಸೊರಬದ ಕಡೆ, ಉಳಿದದ್ದೆಲ್ಲ ಶಿಕಾರಿಪುರದ ಕಡೆ. ಎಷ್ಟು ಮಕ್ಕಳಿಗೆ ಲೆಫ್ಟ್ ರೈಟ್ ಹೇಳಿಕೊಟ್ಟೆನೋ ನೆನಪಿಲ್ಲ. ನಾನು ನಿಜವಾಗಿ ಬದುಕಿದ್ದು ಕಬಡ್ಡಿ ಅಂಕಣದ ಪಕ್ಕ ಹಾಕುವ ಒಂದು ಮೇಜಿನ ಹಿಂದೆ. ಯಾವ ತಂಡ ಗೆದ್ದರೂ ಆ ಮೇಜಿಗೆ ಯಾರೂ ಹಾರ ಹಾಕುವುದಿಲ್ಲ. ಏನಾದರೂ ಎಡವಟ್ಟಾದರೆ ಮಾತ್ರ ಎರಡೂ ತಂಡದವರು ಮೊದಲು ನುಗ್ಗುವುದು ಅಲ್ಲಿಗೇ.

ಈಚೆಗೆ ಕೆಲಸಕ್ಕೆ ಸೇರಿದ ಇಬ್ಬರು ಶಿಕ್ಷಕಿಯರು ಮನೆಗೆ ಬಂದು, ಸ್ಕೋರ್ ಬರೆಯುವುದನ್ನು ಹೇಳಿಕೊಡಿ ಎಂದರು. ನಿಯಮಗಳೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತವೆ, ಅದಕ್ಕೆ ನಾನು ಬೇಕಿಲ್ಲ. ಅಲ್ಲಿ ಸಿಗದ್ದನ್ನು ಬರೆದುಕೊಡುತ್ತೇನೆ ಎಂದೆ. ಹಾಗೆ ಒಪ್ಪಿಕೊಳ್ಳಲು ಕಾರಣವಾದದ್ದು ನಮ್ಮ ಆಟದ ಮೈದಾನದ ಒಂದು ಬೋರ್ಡು.

ಶಿಕಾರಿಪುರದ ಮೈದಾನದ ಗೋಡೆಗೆ ಹಾಕಿದ ಆ ಮರದ ಬೋರ್ಡಿನಲ್ಲಿ, ಅಕ್ಕಪಕ್ಕದ ತಾಲ್ಲೂಕಿನವರೂ ಬಂದು ಆಡುವ ನಮ್ಮ ಟೂರ್ನಮೆಂಟಿನ ದಾಖಲೆಗಳಿವೆ. ಮೇಲಿನ ಸಾಲಿನಲ್ಲೇ 'ಒಂದು ಪಂದ್ಯದಲ್ಲಿ ಒಬ್ಬ ಆಟಗಾರನ ಅತಿ ಹೆಚ್ಚು ಅಂಕ: ಹಾಲೇಶಪ್ಪ, ಹತ್ತೊಂಬತ್ತು' ಎಂದು ಹಳದಿ ಬಣ್ಣದಲ್ಲಿ ಬರೆದಿತ್ತು. ಮೂವತ್ತು ವರ್ಷ ಅದನ್ನು ಯಾರಿಗೂ ಮುಟ್ಟಲಾಗಲಿಲ್ಲ. ಹೋದ ಟೂರ್ನಮೆಂಟಿನಲ್ಲಿ ಸೊರಬದ ಪ್ರವೀಣ ಎಂಬ ರೈಡರ್ ಒಂದೇ ಪಂದ್ಯದಲ್ಲಿ ಇಪ್ಪತ್ತೊಂದು ತೆಗೆದ. ಹಳೆಯ ಹೆಸರು ಅಳಿಸಿ ಹೊಸದನ್ನು ಬರೆಸುವುದೆಂದು ಟೂರ್ನಮೆಂಟ್ ಸಮಿತಿ ತೀರ್ಮಾನಿಸಿತು.

ಆ ವಾರವೇ ಹಾಲೇಶಪ್ಪ ನಮ್ಮ ಮನೆಗೆ ಬಂದರು. ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಐವತ್ತೈದರ ಆಸುಪಾಸು. ಒಂದು ಕಾಲದಲ್ಲಿ ಈ ಮನುಷ್ಯ ಏಳು ಜನರ ನಡುವೆ ನುಗ್ಗಿ ಬರುತ್ತಿದ್ದರು ಎಂದರೆ ಈಗಿನ ಹೊಟ್ಟೆ ನೋಡಿದವರು ನಂಬುವುದಿಲ್ಲ.

"ಟೀಚರ್ರೇ, ಬೋರ್ಡ್ ಅಳಸ್ತಾರಂತ?" ಎಂದರು.

"ಹೌದಂತೆ ಕಣ್ರೀ."

"ಅಳಸೂಕ್ಕಿಂತ ಮೊದ್ಲು ನಮ್ಮ ಆ ಮ್ಯಾಚಿಂದು ಶೀಟ್ ಒಂದ್ಸಲ ತಗದು ಎಣಸ್ರಿ. ನಿಮ್ಮ ಹತ್ರ ಹಳೇವೆಲ್ಲಾ ಅದಾವಂತಲ್ಲ."

ಅಷ್ಟೇ ಹೇಳಿ ಕಾಫಿಯನ್ನು ಅರ್ಧ ಬಿಟ್ಟು ಎದ್ದರು. ಹೆಸರು ಉಳಿಸಿಕೊಳ್ಳಲು ಬಂದಿದ್ದಾರೆ, ಬಾಯಿಬಿಟ್ಟು ಕೇಳಲು ಸಂಕೋಚ ಎಂದು ನಾನು ಅಂದುಕೊಂಡೆ. ನನಗೂ ಅವರ ಕಡೆಯೇ ನ್ಯಾಯ ಕಂಡಿತು. ಅಂದಿನ ಹತ್ತೊಂಬತ್ತೂ ಇಂದಿನ ಇಪ್ಪತ್ತೊಂದೂ ಒಂದೇ ತಕ್ಕಡಿಯಲ್ಲಿ ಇಡುವ ಸಂಖ್ಯೆಗಳಲ್ಲ. ಯಾಕಲ್ಲ ಎಂಬುದು ತಿಳಿಯಬೇಕಾದರೆ ನನ್ನ ಮೇಜಿನ ಕಥೆ ಕೇಳಬೇಕು.

ನಾನು ಮೇಜಿಗೆ ಬಂದದ್ದು ಸಿಟ್ಟಿನಿಂದ. ರೆಫರಿ ಪರೀಕ್ಷೆ ಪಾಸು ಮಾಡಿ, ಕುತ್ತಿಗೆಗೆ ಹೊಸ ಸೀಟಿ ನೇತು ಹಾಕಿಕೊಂಡು ಮೊದಲ ಟೂರ್ನಮೆಂಟಿಗೆ ಹೋಗಿದ್ದೆ. ಆಗ ನಮ್ಮ ದೈಹಿಕ ಶಿಕ್ಷಣ ಪರಿವೀಕ್ಷಕರು ನಾಗಪ್ಪ ಮೇಷ್ಟ್ರು. ಬಿಳಿ ಪ್ಯಾಂಟು, ಬಿಳಿ ಟೋಪಿ, ಸದಾ ಗಂಟಿಕ್ಕಿದ ಹುಬ್ಬು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಸೀಟಿ ಊದಿದ್ರೆ ಈ ಗಂಡುಡುಗ್ರು ಕೇಳ್ತಾವೇನ್ರೀ? ಹೋಗಿ ಟೇಬಲ್ಲಿಗೆ ಕುಂದರ್ರಿ" ಎಂದರು. ಅವಮಾನವಾಯಿತು. ಸೀಟಿಯನ್ನು ಚೀಲಕ್ಕೆ ತುರುಕಿ, ಮುಖ ಊದಿಸಿಕೊಂಡೇ ಹೋಗಿ ಕೂತೆ. ಎರಡು ಪಂದ್ಯ ಮುಗಿಯುವ ಹೊತ್ತಿಗೆ ನನಗೆ ಅಲ್ಲಿಂದ ಏಳುವ ಮನಸ್ಸೇ ಇರಲಿಲ್ಲ. ಅಂಕಣದಲ್ಲಿ ಕಿರುಚಾಟ, ತಳ್ಳಾಟ, ಧೂಳು. ಮೇಜಿನ ಮೇಲೆ ಅದೆಲ್ಲ ಸಣ್ಣ ಸಣ್ಣ ಗೆರೆಗಳಾಗಿ ಸುಮ್ಮನೆ ಕೂತಿರುತ್ತಿತ್ತು. ಆ ಸುಮ್ಮನಿರುವಿಕೆ ನನಗೆ ಹಿಡಿಸಿತು.

ಸ್ಕೋರ್ ಶೀಟಿನಲ್ಲಿ ಪ್ರತಿ ತಂಡಕ್ಕೂ ಒಂದರಿಂದ ಅಂಕೆಗಳ ಸಾಲು ಇರುತ್ತದೆ. ಅಂಕ ಬಂದಂತೆಲ್ಲ ಆ ಅಂಕೆಯ ಮೇಲೆ ಓರೆ ಗೆರೆ ಎಳೆಯುತ್ತ ಹೋಗಬೇಕು. ಎದುರು ತಂಡದ ಏಳೂ ಜನ ಔಟಾದರೆ ಎರಡು ಅಂಕ ಹೆಚ್ಚಿಗೆ ಸಿಗುತ್ತದೆ; ಅದು ಲೋನಾ, ಅದಕ್ಕೆ ಚೌಕ. ಇಷ್ಟು ಎಲ್ಲ ಕಡೆಯೂ ಇರುವ ಕ್ರಮ. ನಾಗಪ್ಪ ಮೇಷ್ಟ್ರು ಇದಕ್ಕೆ ತಮ್ಮದೊಂದು ಪದ್ಧತಿ ಸೇರಿಸಿದ್ದರು. ಪ್ರತಿ ಗೆರೆಯ ಕೆಳಗೆ ಆ ಅಂಕ ತಂದವನ ಬನಿಯನ್ ನಂಬರನ್ನು ಸಣ್ಣಗೆ ಬರೆಯಬೇಕು. ಬೇರೆ ತಾಲ್ಲೂಕಿನವರು ಇದನ್ನು ನೋಡಿ ನಗುತ್ತಿದ್ದರು. ಆದರೆ ಯಾರು ಎಷ್ಟು ತಂದರು ಎಂದು ವರ್ಷಗಳಾದ ಮೇಲೂ ಹೇಳಲು ಸಾಧ್ಯವಾದದ್ದು ಈ ಪದ್ಧತಿಯಿಂದ. ನಮ್ಮ ಬೋರ್ಡು ಹುಟ್ಟಿದ್ದೂ ಅದರಿಂದಲೇ.

ಆಗಿನ ಆಟ ಮಣ್ಣಿನದು. ರೈಡಿಗೆ ಗಡಿಯಾರ ಇರಲಿಲ್ಲ, ಉಸಿರೇ ಗಡಿಯಾರ. ಉಸಿರು ಇರುವಷ್ಟು ಹೊತ್ತು 'ಕಬಡ್ಡಿ ಕಬಡ್ಡಿ' ಎನ್ನುತ್ತ ಎದುರು ಅಂಕಣದಲ್ಲಿ ಇರಬಹುದು. ಇದು ಕೇಳಲು ಚೆಂದ. ಆದರೆ ಎರಡು ಅಂಕ ಮುಂದಿರುವ ತಂಡ ಉದ್ದ ಉಸಿರಿನವನನ್ನು ಕಳಿಸಿದರೆ, ಅವನು ನಡುಗೆರೆಯ ಪಕ್ಕದಲ್ಲೇ ಹೆಜ್ಜೆ ಹಾಕಿಕೊಂಡು, ಯಾರನ್ನೂ ಮುಟ್ಟದೆ, ಯಾರಿಗೂ ಸಿಗದೆ ಹೊತ್ತು ಕಳೆದು ಬರುತ್ತಿದ್ದ. ಉಡುತಡಿಯ ಶಾಲೆ ಬಯಲಿನಲ್ಲಿ ಇಂಥ ಒಂದು ಪಂದ್ಯ ಎಂಟು-ಆರಕ್ಕೆ ಮುಗಿಯಿತು. ಕೊನೆಯ ಹತ್ತು ನಿಮಿಷ ನಾನು ಒಂದೇ ಒಂದು ಗೆರೆ ಎಳೆಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು, "ಅವ ಏನ್ ಕಬಡ್ಡಿ ಆಡಾಕ ಬಂದಾನೋ, ಜಪ ಮಾಡಾಕ ಬಂದಾನೋ?" ಎಂದು ಗಟ್ಟಿಯಾಗಿಯೇ ಕೇಳಿದರು. ನಾಗಪ್ಪ ಮೇಷ್ಟ್ರು ಟೋಪಿ ತೆಗೆದು ಮುಖ ಮುಚ್ಚಿಕೊಂಡು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನೆಲವೂ ಅಂಕವನ್ನು ಏರಿಳಿಸುತ್ತಿತ್ತು. ಅಂಜನಾಪುರದಲ್ಲಿ ಕಾಲುವೆಗೆ ನೀರು ಬಿಟ್ಟ ವಾರವೇ ಪಂದ್ಯ ಇಟ್ಟಿದ್ದರು. ಬಯಲಿನ ಒಂದು ಮಗ್ಗುಲು ಒಸರುತ್ತಿತ್ತು. ಸುಣ್ಣದ ಗೆರೆ ಕಾಲಿಗೆ ಮೆತ್ತಿಕೊಂಡು ಎಲ್ಲ ಕಡೆ ಓಡಾಡಿತು. ಒಳಗೆ ಹೋದ ರೈಡರ್ ತಿರುಗಲು ಕಾಲು ಊರಿದರೆ ಜಾರಿ ಕ್ಯಾಚರ್‌ಗಳ ಮಡಿಲಿಗೇ ಬೀಳುತ್ತಿದ್ದ. ಎರಡೂ ತಂಡ ಸೇರಿ ಹನ್ನೊಂದು ಅಂಕ. ಆ ಒಂದು ಶೀಟು ನೋಡಿ ಅಲ್ಲಿ ಆಡಿದ ಹುಡುಗರನ್ನು ದಡ್ಡರೆಂದರೆ, ದಡ್ಡತನ ಹೇಳಿದವರದು.

ಇನ್ನು ಬೋನಸ್ ಗೆರೆ. ಪುಸ್ತಕದಲ್ಲಿ ಅದು ಎಂದೋ ಬಂದಿತ್ತು, ನಮ್ಮ ಹಳ್ಳಿಯ ಅಂಕಣಗಳಲ್ಲಿ ಎಳೆದದ್ದು ತಡವಾಗಿ. ಎದುರು ಅಂಕಣದಲ್ಲಿ ಆರು ಅಥವಾ ಏಳು ಜನ ಇದ್ದಾಗ ರೈಡರ್ ಆ ಹಿಂದಿನ ಗೆರೆ ದಾಟಿ ಕಾಲಿಟ್ಟರೆ, ಯಾರನ್ನೂ ಮುಟ್ಟದಿದ್ದರೂ ಒಂದು ಅಂಕ. ಮೊದಲ ದಿನವೇ ನಾನು ಎಡವಿದೆ. ಸೊರಬದವರ ಪಂದ್ಯ. ಎದುರು ತಂಡದ ರೈಡರ್ ಕಾಲು ಗೆರೆ ದಾಟಿದ್ದನ್ನು ನನ್ನ ಕಣ್ಣಾರೆ ಕಂಡು, ಖುಷಿಯಿಂದ ಬೋನಸ್ಸಿನ ಗುರುತಾದ ತ್ರಿಕೋನ ಬರೆದುಬಿಟ್ಟೆ. ಸೊರಬದ ಕೋಚ್ ಓಡಿ ಬಂದರು.

"ಎಣ್ಸಿ ನೋಡಿ ಮಾರಾಯ್ರೇ, ಒಳಗೆ ಐದೇ ಜನ ಇದ್ದಿದ್ದು. ಬೋನಸ್ ಎಲ್ಲಿಂದ ಬಂತು?"

ಅಂಪೈರ್ ಬೋನಸ್ಸಿನ ಕೈ ಎತ್ತಿಯೇ ಇರಲಿಲ್ಲ. ನಾನು ನಾಲಿಗೆ ಕಚ್ಚಿಕೊಂಡೆ. ಪಂದ್ಯ ನಿಂತಿತು, ಶೀಟು ತಿದ್ದಿದ್ದಾಯಿತು. ಆಮೇಲೆ ನಾಗಪ್ಪ ಮೇಷ್ಟ್ರು ನನ್ನನ್ನು ಮರದ ಕೆಳಗೆ ಕರೆದು, "ನಿಮ್ಮ ಕಣ್ಣಿಗೆ ಕಂಡಿದ್ದು ಬರೀಬ್ಯಾಡ್ರಿ. ಅವರು ಕೈ ಎತ್ತಿದ್ದಷ್ಟೇ ಬರೀರಿ. ನಿಮಗೆ ಅನಿಸಿದ್ದನ್ನ ಮನೀಗೆ ಹೋಗಿ ಡೈರಿಯಾಗ ಬರ್ಕೊಳ್ರಿ" ಎಂದರು. ಈ ಕೆಲಸಕ್ಕೆ ಬರುವ ನಿಮಗೂ ನಾನು ಮೊದಲು ಹೇಳುವ ಮಾತು ಇದೇ. ನಮಗೆ ಎಷ್ಟೇ ಸರಿ ಎನಿಸಿದರೂ, ಅನಿಸಿಕೆಗೆ ಶೀಟಿನಲ್ಲಿ ಮನೆಯಿಲ್ಲ.

ಬೋನಸ್ ಬಂದ ಮೊದಮೊದಲು ಅಂಕಗಳು ದಿಢೀರನೆ ಏರಿದವು. ಎಲ್ಲರೂ, ಓ ರೈಡರ್‌ಗಳು ಏನು ಹುಷಾರಾದರು ಎಂದರು. ಎರಡು ವರ್ಷ ಕಳೆಯಲಿಲ್ಲ, ಕ್ಯಾಚರ್‌ಗಳು ಗುಟ್ಟು ಕಂಡುಕೊಂಡರು. ಬೋನಸ್ಸಿಗೆ ಕಾಲು ಚಾಚಿದವನ ಇನ್ನೊಂದು ಕಾಲಿನ ಹರಡು ಹಿಡಿದರೆ ಆಯಿತು, ಅವನು ಅಲ್ಲೇ ಕೂರಬೇಕು. ಅಂಕ ಮತ್ತೆ ಇಳಿಯಿತು. ಆಗ ಅದೇ ಜನ, ಈಗಿನ ಹುಡುಗರಿಗೆ ಮೊದಲಿನ ದಮ್ಮಿಲ್ಲ ಎಂದು ಮೂಗು ಮುರಿದರು. ಹುಡುಗರ ದಮ್ಮು ಅಷ್ಟೇ ಇತ್ತು. ಒಂದು ಗೆರೆ ಬಂದಿತ್ತು, ಅದಕ್ಕೊಂದು ಹಿಡಿತ ಹುಟ್ಟಿತ್ತು.

ಆಮೇಲೆ ಬಂದದ್ದು ಮ್ಯಾಟು. ಅದರ ಹಿಂದೆಯೇ ಟಿವಿಯ ಲೀಗ್ ಆಟ, ಅದರ ನಿಯಮಗಳು. ರೈಡಿಗೆ ಮೂವತ್ತೇ ಸೆಕೆಂಡು. ಎರಡು ಸಲ ಬರಿಗೈಲಿ ಬಂದರೆ ಮೂರನೆಯ ರೈಡಿನಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ಹೋದವನೇ ಔಟು. ಮೂರೇ ಜನ ಅಥವಾ ಅದಕ್ಕೂ ಕಡಿಮೆ ಉಳಿದವರು ರೈಡರನ್ನು ಹಿಡಿದರೆ ಇನ್ನೊಂದು ಅಂಕ ಜಾಸ್ತಿ. ಜಪ ಮಾಡುವವರ ಕಾಲ ಅಲ್ಲಿಗೆ ಮುಗಿಯಿತು. ನಮ್ಮ ಶೀಟುಗಳು ನಾಗಪ್ಪ ಮೇಷ್ಟ್ರ ಕಾಲದಲ್ಲಿ ಮಾಡಿಸಿದ್ದವು, ಅಂಕೆಗಳ ಸಾಲು ನಲವತ್ತಕ್ಕೆ ನಿಲ್ಲುತ್ತಿತ್ತು. ಹೊಸ ನಿಯಮದ ಮೊದಲ ಟೂರ್ನಮೆಂಟಿನಲ್ಲೇ ಒಂದು ತಂಡದ ಸಾಲು ತುಂಬಿ, ಆಟ ಇನ್ನೂ ಬಾಕಿ ಉಳಿಯಿತು. ನಾನು ಅಂಚಿನಲ್ಲಿ ನಲವತ್ತೊಂದು, ನಲವತ್ತೆರಡು ಎಂದು ಕೈಯಲ್ಲಿ ಬರೆದುಕೊಳ್ಳುತ್ತ ಹೋದೆ. ಬೆವರಿಳಿಯಿತು ನಿಜ, ಆದರೆ ಅಷ್ಟು ಖುಷಿಯಾಗಿ ನಾನು ಯಾವತ್ತೂ ಬೆವರಿಲ್ಲ. ನಿವೃತ್ತಿಗೆ ಮುಂಚೆ ಮೇಜಿನ ಮೇಲೆ ಕಂಪ್ಯೂಟರೂ ಬಂತು. ಬಟನ್ ಒತ್ತಿದರೆ ದೊಡ್ಡ ಪರದೆಯ ಮೇಲೆ ಅಂಕ. ನಾನು ಬಟನ್ನನ್ನೂ ಒತ್ತುತ್ತಿದ್ದೆ, ಪಕ್ಕದಲ್ಲಿ ಶೀಟಿನಲ್ಲೂ ಬರೆಯುತ್ತಿದ್ದೆ. ಕರೆಂಟು ಹೋದ ದಿನ ನನ್ನನ್ನು ಗೇಲಿ ಮಾಡುತ್ತಿದ್ದವರೆಲ್ಲ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

ಸಮಿತಿಯ ತೀರ್ಮಾನ ಆದ ಮೇಲೆ ಈ ಪ್ರವೀಣನಿಗೆ ಒಮ್ಮೆ ಹಳೆಯ ಆಟದ ಬಗ್ಗೆ ಹೇಳಿದ್ದೆ. ಸಂಕೋಚದ ಹುಡುಗ, ಅಂಕಣದ ಹೊರಗೆ ಬಾಯಿ ಬಿಡುವುದೇ ಕಡಿಮೆ.

"ಬೋನಸ್ಸೂ ಇರ್ಲಿಲ್ವಾ ಮಿಸ್? ಮೂರನೇ ರೈಡಿಂದೂ ಇರ್ಲಿಲ್ವಾ? ಮತ್ತೆ ಅವ್ರು ಹತ್ತೊಂಬತ್ತು ಹೆಂಗೆ ತೆಗೆದ್ರು?"

"ಮುಟ್ಟಿ ಮುಟ್ಟಿ ತೆಗೆದರಪ್ಪ."

ಅವನು, "ಹಂಗಾದ್ರೆ ಅವ್ರ ಹೆಸ್ರು ಅಳಸೋದು ಬ್ಯಾಡ ಮಿಸ್" ಎಂದ. ಹಾಗಾಗಿ ಶೀಟು ಹುಡುಕಲು ಕೂತಾಗ ನನಗೆ ಹುಮ್ಮಸ್ಸೇ ಇತ್ತು. ಸಮಿತಿಯವರ ಮುಂದೆ ಶೀಟು ಬಿಡಿಸಿಟ್ಟು, ಇಂಥ ಕಾಲದಲ್ಲಿ ಇಷ್ಟು ಎಂದು ತೋರಿಸಿ, ಹಾಲೇಶಪ್ಪನವರ ಹೆಸರು ಉಳಿಸುವುದು ನನ್ನ ಲೆಕ್ಕಾಚಾರ.

ಹಳೆಯ ಶೀಟುಗಳು ಬಟ್ಟೆ ಚೀಲಗಳಲ್ಲಿ ಅಟ್ಟದ ಮೇಲಿದ್ದವು. ನಮ್ಮ ಮನೆಯವರು ಅವನ್ನು ಇಳಿಸಿಕೊಟ್ಟು, "ಅಕ್ಕಿ ಚೀಲನೂ ಇಷ್ಟು ಭಾರ ಇರಲ್ಲ ಮಾರಾಯ್ತಿ" ಎಂದು ಸೊಂಟ ಹಿಡಿದುಕೊಂಡರು. ಮೂರನೆಯ ಚೀಲದಲ್ಲಿ ಆ ಪಂದ್ಯ ಸಿಕ್ಕಿತು. ನನ್ನದೇ ಅಕ್ಷರ. ಹಾಲೇಶಪ್ಪನವರ ತಂಡ ಇಪ್ಪತ್ತನಾಲ್ಕು, ಎದುರಿನವರು ಹದಿಮೂರು. ಆ ಕಾಲಕ್ಕೆ ಇಪ್ಪತ್ತನಾಲ್ಕು ಎಂದರೆ ಭಾರಿ ಮೊತ್ತ. ಅವರ ನಂಬರ್ ಐದು. ಪೆನ್ಸಿಲ್ ಹಿಡಿದು ಒಂದೊಂದೇ ಐದನ್ನು ಎಣಿಸಿದೆ. ಹತ್ತೊಂಬತ್ತು ಸರಿಯಾಗಿ ಬಂತು. ಆದರೂ ಏನೋ ಕಸಿವಿಸಿ. ಮತ್ತೊಮ್ಮೆ ನೋಡಿದಾಗ ತಿಳಿಯಿತು. ನಾಲ್ಕು ಐದುಗಳು ಚೌಕದ ಕೆಳಗಿದ್ದವು.

ಆ ಪಂದ್ಯದಲ್ಲಿ ಎರಡು ಸಲ ಲೋನಾ ಆಗಿತ್ತು. ಎರಡು ಸಲವೂ ಕೊನೆಯವನನ್ನು ಔಟ್ ಮಾಡಿದ್ದು ಹಾಲೇಶಪ್ಪ. ಆಗ ನಮ್ಮ ಕಡೆಯ ಜನರೆಲ್ಲ 'ಲೋನಾ ಹಾಲೇಶಿ ತಂದ' ಎಂದೇ ಮಾತಾಡುತ್ತಿದ್ದರು. ಮೇಜಿಗೆ ಹೊಸಬಳಾಗಿದ್ದ ನಾನೂ ಆ ಕೂಗಿನಲ್ಲೇ ಚೌಕದ ಕೆಳಗೆಲ್ಲ ಅವರ ನಂಬರ್ ಬರೆದಿದ್ದೆ. ಲೋನಾದ ಅಂಕ ಯಾರೊಬ್ಬರದೂ ಅಲ್ಲ, ತಂಡದ್ದು. ಅದರ ಕೆಳಗೆ ನಂಬರ್ ಬರೆಯಕೂಡದು. ನಾಗಪ್ಪ ಮೇಷ್ಟ್ರೂ ಮೊತ್ತ ಮಾತ್ರ ನೋಡಿ ಸಹಿ ಹಾಕಿದ್ದರು. ಹಾಲೇಶಪ್ಪನವರು ತೆಗೆದದ್ದು ಹದಿನೈದು. ಬೋರ್ಡಿನ ಹತ್ತೊಂಬತ್ತು ನನ್ನ ತಪ್ಪು. ಮೂವತ್ತು ವರ್ಷ ಆ ತಪ್ಪಿನ ಕೆಳಗೇ ನಾನು ಮೇಜು ಹಾಕಿಕೊಂಡು ಕೂತಿದ್ದೆ.

ಎರಡು ದಿನ ಶೀಟನ್ನು ಹೊರಗೇ ಇಟ್ಟುಕೊಂಡಿದ್ದೆ. ಶೀಟನ್ನು ಚೀಲಕ್ಕೆ ವಾಪಸ್ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ನಾಗಪ್ಪ ಮೇಷ್ಟ್ರು ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆದರೆ ಹಾಗೆ ಮುಚ್ಚಿಟ್ಟರೆ, ಅಷ್ಟು ವರ್ಷ ಬೇರೆಯವರ ತಪ್ಪಿಗೆ ಕೆಂಪು ಪೆನ್ನು ಹಿಡಿದ ನಾನು ಯಾವ ಮುಖ ಇಟ್ಟುಕೊಂಡು ನಿಮಗೆ ಪಾಠ ಹೇಳಲಿ? ಸಮಿತಿಗೆ ಹೇಳುವ ಮೊದಲು ಹಾಲೇಶಪ್ಪನವರಿಗೆ ಹೇಳಬೇಕೆಂದುಕೊಂಡೆ. ಭಯವಿದ್ದದ್ದು ಅದಕ್ಕೇ. ಆ ಹತ್ತೊಂಬತ್ತು ಅವರ ಹೆಸರಿನ ಜೊತೆ ಇನಿಶಿಯಲ್ಲಿನ ಹಾಗೆ ಅಂಟಿಕೊಂಡಿತ್ತು. ಅಂಗಡಿಗೆ ಬಂದ ರೈತರೂ ಅದನ್ನೇ ಹೇಳಿ ಮಾತು ಶುರು ಮಾಡುತ್ತಿದ್ದರು.

ಬೋರ್ಡಿನ ಮೇಲೆ ಈಗ ಏನಿದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಣ್ಣಿನ ಕಾಲದ ಉಳಿದ ಶೀಟುಗಳನ್ನೂ ಎಣಿಸಿ ನೋಡಿದೆ, ಹದಿನೈದು ದಾಟಿದವರು ಯಾರೂ ಇರಲಿಲ್ಲ. ಈಗ ಎರಡು ಸಾಲು ಇದೆ. ಮಣ್ಣಿನ ಅಂಕಣ: ಹಾಲೇಶಪ್ಪ, ತಂಡದ ಇಪ್ಪತ್ತನಾಲ್ಕರಲ್ಲಿ ಹದಿನೈದು. ಮ್ಯಾಟ್: ಪ್ರವೀಣ, ತಂಡದ ನಲವತ್ತೈದರಲ್ಲಿ ಇಪ್ಪತ್ತೊಂದು. ಒಬ್ಬರದು ತಂಡದ ಅರ್ಧಕ್ಕಿಂತ ಹೆಚ್ಚು, ಇನ್ನೊಬ್ಬನದು ಅರ್ಧಕ್ಕೆ ಸ್ವಲ್ಪ ಕಡಿಮೆ. ಯಾರು ದೊಡ್ಡವರು ಎಂದು ನಾನು ಹೇಳುವುದಿಲ್ಲ. ನೋಡಿದವರು ತಾವೇ ಜಗಳವಾಡಿಕೊಳ್ಳಲಿ, ಆಟದ ಮೈದಾನ ಇರುವುದೇ ಅದಕ್ಕೆ. ಸಮಿತಿಯವರ ಮುಂದೆ ನನ್ನ ತಪ್ಪನ್ನು ನಾನೇ ಹೇಳಿದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಆದರೆ ಅದಕ್ಕೂ ಮೊದಲು ನಡೆದದ್ದು ಅಂಗಡಿಯಲ್ಲಿ. ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು ನೋಡಿ ಹೋದೆ. "ಬರ್ರಿ ಟೀಚರ್ರೇ, ಕುಂದರ್ರಿ" ಎಂದು ಹಾಲೇಶಪ್ಪ ಸ್ಟೂಲು ಕೊಟ್ಟರು. ಮೆಕ್ಕೆಜೋಳದ ಬೀಜದ ಚೀಲದ ಮೇಲೆ ಶೀಟು ಹರಡಿದೆ.

"ಹಾಲೇಶಪ್ಪನವರೇ, ಒಂದು ತಪ್ಪಾಗಿದೆ. ನನ್ನದೇ. ಅವತ್ತು ನಾನು ಬರೆಯುವಾಗ..."

ಅವರು ಶೀಟಿನ ಕಡೆ ನೋಡಲೇ ಇಲ್ಲ.

"ಹದಿನೈದಲ್ರೀ?" ಎಂದರು.

ನಾನಿನ್ನೂ ಸಂಖ್ಯೆ ಹೇಳಿರಲಿಲ್ಲ.

"ನಿಮಗೆ ಹೇಗೆ ಗೊತ್ತು?"

"ಆಡಿದಾಂವ ನಾನಲ್ರೀ? ಯಾರ್ಯಾರನ್ನ ಮುಟ್ಟೀನಿ ಅಂತ ನನಗೆ ಗೊತ್ತಿರಂಗಿಲ್ಲೇನು? ಮೈಕಿನಾಗ ಹತ್ತೊಂಬತ್ತು ಅಂದ್ರು, ಜನ ಹೆಗಲ ಮ್ಯಾಲೆ ಹೊತ್ಕೊಂಡ್ರು. ನಾನು ಸುಮ್ನಾಗಿಬಿಟ್ಟೆ." ಅವರು ತಲೆ ತಗ್ಗಿಸಿ ಮೇಜಿನ ಮೇಲಿನ ಬೀಜಗಳನ್ನು ಬೆರಳಿನಿಂದ ಒಟ್ಟು ಮಾಡಿದರು. "ನಮ್ಮ ಟೀಮಿನ ಪರಸಪ್ಪ ಇದ್ನಲ್ರೀ, ಬಂದಳಿಕಿ ಊರಾಂವ, ಕ್ಯಾಚರ್. ಅವತ್ತೇ ಹೇಳಿದ. 'ನಿಂದು ಹದಿನೈದೋ ಹಾಲೇಶಿ, ಲೋನಾ ನಮ್ಮೆಲ್ಲರದು' ಅಂದ. ಹೊಟ್ಟೆಕಿಚ್ಚು ನಿಂಗೆ ಅಂತ ಎಲ್ಲಾರ ಮುಂದ ಬೈದೆ. ಅವತ್ತಿಂದ ಅಂವ ನನ್ನ ಜೋಡಿ ಮಾತಾಡಿಲ್ಲ."

"ಮತ್ತೆ ಶೀಟು ತೆಗೆದು ಎಣಿಸಿ ಅಂತ ನೀವೇ ಬಂದಿರಲ್ಲ?"

"ಬೋರ್ಡ್ ಅಳಸಿಬಿಟ್ರ ಮತ್ತ ಯಾರೂ ಎಣಸಂಗಿಲ್ಲ, ಆ ಸುಳ್ಳು ಹಂಗೇ ಖರೇ ಆಗಿ ಹೋಗ್ತಿತ್ರೀ. ನಾನಾಗಿ ಹೇಳಾಕ ಬಾಯಿ ಬರಲಿಲ್ಲ. ನೀವು ಎಣಸಿದ್ರ ಬಿಡಂಗಿಲ್ಲ ಅಂತ ಗೊತ್ತಿತ್ತು."

ಅವರು ಬಂದದ್ದು ಹೆಸರು ಉಳಿಸಿಕೊಳ್ಳಲು ಎಂದುಕೊಂಡಿದ್ದೆನಲ್ಲ, ನನಗೆ ನಾಚಿಕೆಯಾಯಿತು. ಶೀಟನ್ನು ಮಡಿಸತೊಡಗಿದೆ. ಅವರು ಮೊಬೈಲ್ ತೆಗೆದು, ಯಾರನ್ನೋ ಕೇಳಿ ಪರಸಪ್ಪನ ನಂಬರ್ ಪಡೆದು ಫೋನ್ ಹಚ್ಚಿದರು. ಸ್ಪೀಕರ್ ಹಾಕಿದ್ದರು, ಆ ಕಡೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು.

"ಲೇ ಪರಸ್ಯಾ, ನಾನು ಹಾಲೇಶಿ. ಹದಿನೈದೇ ಕಣಲೇ."

ಟ್ರ್ಯಾಕ್ಟರ್ ನಿಂತಿತು.

"ಅದು ನನಗೆ ಗೊತ್ತೈತಲೇ," ಎಂದಿತು ಆ ದನಿ. "ಎಲ್ಲಿದೀ? ಹೊಲದ ತಾವ ಬಾ."

ಹಾಲೇಶಪ್ಪ ಕಣ್ಣೊರೆಸಿಕೊಂಡು, ಅಂಗಡಿಯ ಷಟರ್ ಎಳೆದು, ಸ್ಕೂಟರ್ ಹತ್ತಿದರು. ಹತ್ತಿದವರು ಇಳಿದು ವಾಪಸ್ ಬಂದರು.

"ಟೀಚರ್ರೇ, ಆ ಶೀಟ್ ಒಂದಿನದ ಮಟ್ಟಿಗೆ ಕೊಡ್ತೀರಾ? ಅವನಿಗೆ ತೋರಸಬೇಕು."

ಅಷ್ಟು ವರ್ಷದಲ್ಲಿ ಒಂದೇ ಒಂದು ಶೀಟನ್ನೂ ನಾನು ಯಾರ ಕೈಗೂ ಕೊಟ್ಟವಳಲ್ಲ. ಅವತ್ತು ಕೊಟ್ಟೆ. ಅದು ಇನ್ನೂ ಬಂದಳಿಕೆಯಲ್ಲಿ ಪರಸಪ್ಪನ ಹತ್ತಿರವೇ ಇದೆಯಂತೆ, ನಾನೂ ವಾಪಸ್ ಕೇಳಿಲ್ಲ.